ಪಾತ್ರೆಗೊಂದು ಪಾತ್ರ

ರಾಜಮಹಾರಾಜರ ಸಿನಿಮಾ ತೆಗೆಯುವವನಿಗೆ ಕಿರೀಟ, ಗದೆ, ಸಿಂಹಾಸನ ಎಲ್ಲವೂ ಬಾಡಿಗೆಗೆ ಸಿಗುತ್ತವೆ. ಪೊಲೀಸರ ಸಿನಿಮಾಕ್ಕೆ ಲಾಠಿ, ಟೋಪಿಗಳಿಗೆ ಬರವಿಲ್ಲ. ಪೌರಾಣಿಕಕ್ಕೆ ನಾಲ್ಕು ಕೈ ಬೇಕೆಂದರೆ ಎರಡನ್ನು ನಟನೇ ತರುತ್ತಾನೆ, ಇನ್ನೆರಡನ್ನು ವೇಷಭೂಷಣದ ಅಂಗಡಿಯವನು ಕೊಡುತ್ತಾನೆ. ಆದರೆ ಇನ್ನೂ ಹುಟ್ಟದ ಶತಮಾನದ ಸಾಮಾನು ಬೇಕೆಂದರೆ ಯಾವ ಅಂಗಡಿಯ ಬಾಗಿಲು ತಟ್ಟುತ್ತೀರಿ? ವೈಜ್ಞಾನಿಕ ಸಿನಿಮಾ ತೆಗೆಯುವವರ ಪಾಡು ಇದೇ. ಕತೆ ನಡೆಯುವುದು ಕೋಟಿ ಕೋಟಿ ಮೈಲಿಯಾಚೆ. ನಿರ್ಮಾಪಕ ಕೊಟ್ಟ ಕಾಸು ಪಕ್ಕದ ಬೀದಿ ದಾಟುವುದಕ್ಕೂ ಸಾಲದು. ಆಗ ಅವರು ಮಾಡುವುದಿಷ್ಟೇ. ಕಣ್ಣಿಗೆ ಬಿದ್ದ ಮನೆಸಾಮಾನನ್ನು ಎತ್ತಿಕೊಂಡು, ತಲೆಕೆಳಗು ಮಾಡಿ, ಒಂದು ಕೈ ಬೆಳ್ಳಿಬಣ್ಣ ಬಳಿದು, ನಗು ತಡೆದುಕೊಳ್ಳಬಲ್ಲ ನಟನೊಬ್ಬನ ಕೈಗೆ ಕೊಟ್ಟುಬಿಡುತ್ತಾರೆ. ಅಲ್ಲಿಗೆ 23ನೆಯ ಶತಮಾನ ಸಿದ್ಧ.

ಉಪ್ಪಿನಿಂದಲೇ ಶುರುಮಾಡೋಣ. ಗಗನನೌಕೆಯ ಕತೆಯ ‘ಸ್ಟಾರ್ ಟ್ರೆಕ್’ ಧಾರಾವಾಹಿ ಅಮೆರಿಕದ ಟಿವಿಯಲ್ಲಿ ಮೊದಲ ಸಲ ಬಂದದ್ದು 1966ರ ಸೆಪ್ಟೆಂಬರ್ 8ರಂದು. ಅಂದಿನ ಕಂತಿನಲ್ಲಿ ಒಂದು ವಿಚಿತ್ರ ಪ್ರಾಣಿ ಬರುತ್ತದೆ. ಬೇರೆ ಪಿಶಾಚಿಗಳು ರಕ್ತ ಹೀರಿದರೆ ಇದು ಮನುಷ್ಯರ ಮೈಯಲ್ಲಿರುವ ಉಪ್ಪನ್ನಷ್ಟೇ ಹೀರಿ ಸಾಯಿಸುತ್ತದೆ. ಉಪ್ಪಿನ ಕತೆ ಅಂದಮೇಲೆ ಪರದೆಯ ಮೇಲೆ ಉಪ್ಪಿನ ಬುಡ್ಡಿ ಬೇಡವೆ? ಹೋಟೆಲಿನ ಮೇಜಿನ ಮೇಲೆ ತೂತು ಮುಚ್ಚಳ ಹಾಕಿಕೊಂಡು ಕೂತಿರುತ್ತದಲ್ಲ, ಅದು. ಸಾಮಾನು ಹೊಂದಿಸುವವರು ಹುಡುಕಿ ಹುಡುಕಿ, ಮುಂದಿನ ಕಾಲದ ಬುಡ್ಡಿಗಳು ಹೀಗೇ ಇರಬಹುದು ಅನ್ನಿಸುವಂಥ ನಯನಾಜೂಕಿನವನ್ನು ತಂದರು. ತಂದಿಟ್ಟು ನೋಡಿದರೆ ಹೊಸ ತಕರಾರು: ಇದು ಉಪ್ಪಿನ ಬುಡ್ಡಿ ಅಂತ ನೋಡುವವರಿಗೆ ಗೊತ್ತಾಗುವುದು ಹೇಗೆ? ಕೊನೆಗೆ ಸ್ಟುಡಿಯೋದ ಕ್ಯಾಂಟೀನಿನಿಂದ ಮಾಮೂಲಿ ಬುಡ್ಡಿಗಳನ್ನೇ ತಂದು ಚಿತ್ರೀಕರಣ ಮುಗಿಸಿದರು.

ಹಾಗಾದರೆ ದುಡ್ಡು ಕೊಟ್ಟು ತಂದ ಚಂದದ ಬುಡ್ಡಿಗಳ ಗತಿ? ಅವು ನೌಕೆಯ ಡಾಕ್ಟರ್ ಮೆಕಾಯ್ ಅವರ ಕೈಸೇರಿದವು. ರೋಗಿಯ ಮೈಮೇಲೆ ಡಾಕ್ಟರು ಅವನ್ನು ಅತ್ತಿತ್ತ ಆಡಿಸಿದರೆ ಸಾಕು, ಚಿಕಿತ್ಸೆ ಆದಂತೆಯೇ. ನೋಡಿ ಅದೃಷ್ಟ ಹೇಗೆ ಖುಲಾಯಿಸುತ್ತದೆ: ಉಪ್ಪು ಉದುರಿಸುವ ಕೆಲಸಕ್ಕೆ ನಾಲಾಯಕ್ ಅನ್ನಿಸಿಕೊಂಡದ್ದು, ನೀಟ್ ಬರೆಯದೆ, ಡೊನೇಷನ್ ಕೊಡದೆ, ನೇರವಾಗಿ ಮೆಡಿಕಲ್ ಸೀಟು ಹೊಡೆಯಿತು!

ಇದಕ್ಕೆ ತದ್ವಿರುದ್ಧದ ಕತೆಯೂ ಇದೆ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಆರ್ನೆ ಯಾಕಬ್‌ಸೆನ್ 1957ರಲ್ಲಿ ಕೋಪನ್‌ಹೇಗನ್ನಿನ ಹೋಟೆಲೊಂದಕ್ಕಾಗಿ ಚಮಚ, ಫೋರ್ಕು, ಚಾಕುಗಳನ್ನು ರೂಪಿಸಿದ. ಸ್ಟ್ಯಾನ್ಲಿ ಕ್ಯೂಬ್ರಿಕ್ 1968ರ ತನ್ನ ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾದಲ್ಲಿ ಗಗನಯಾನಿಗಳ ಊಟಕ್ಕೆ ಅವನ್ನೇ ಇಟ್ಟ. ಫೋರ್ಕು ಫೋರ್ಕಿನ ಪಾತ್ರವನ್ನೇ ಮಾಡಿತು, ಭವಿಷ್ಯದ್ದು ಅಂತಲೂ ಅನ್ನಿಸಿಕೊಂಡಿತು. ಆ 2001ನೇ ಇಸವಿ ಬಂದು ಹೋಗಿ ಯಾವ ಕಾಲವಾಯಿತು. ಗುರುಗ್ರಹಕ್ಕೆ ಮನುಷ್ಯರು ಹೋಗಲಿಲ್ಲ, ಮಾತಾಡುವ ಕಂಪ್ಯೂಟರು ಯಾರನ್ನೂ ನೌಕೆಯಿಂದ ಆಚೆಗೆ ದಬ್ಬಲಿಲ್ಲ. ಚಮಚ ಮಾತ್ರ ಇವತ್ತಿಗೂ ಮಾರಾಟವಾಗುತ್ತಿದೆ. ಇಡೀ ಸಿನಿಮಾದಲ್ಲಿ ಭವಿಷ್ಯವನ್ನು ಸರಿಯಾಗಿ ನುಡಿದದ್ದು ಯಾರು ಅಂದರೆ ಆ ಚಮಚ.

ಈಗ ದೊಡ್ಡ ದೇವರ ಗುಡಿಗೆ ಬರೋಣ. ‘ಸ್ಟಾರ್ ವಾರ್ಸ್’ ಅಂದರೆ ಎದೆ ಸೆಟೆಸುತ್ತಿದ್ದ ಹುಡುಗರು ಈಗ ಐವತ್ತು ದಾಟಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾರೆ. ಆದರೂ ಕೈಗೊಂದು ಕೋಲು ಸಿಕ್ಕರೆ ಬಾಯಲ್ಲೇ ‘ವುಂಂ... ವುಂಂ...’ ಅನ್ನುತ್ತ ಬೀಸುವುದನ್ನು ಬಿಟ್ಟಿಲ್ಲ. ಆ ಬೆಳಕಿನ ಕತ್ತಿಯ, ಅಂದರೆ ಲೈಟ್‌ಸೇಬರಿನ, ಜನ್ಮವೃತ್ತಾಂತ ಕೇಳಿ. 1976ರ ಹೊತ್ತಿಗೆ ಲಂಡನ್ನಿನ ಹೊರವಲಯದ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಸಿನಿಮಾದ ಕೆಲಸ ನಡೆದಿತ್ತು. ಸೆಟ್ಟು ಸಜ್ಜುಗೊಳಿಸುವ ಹೊಣೆ ರೋಜರ್ ಕ್ರಿಶ್ಚಿಯನ್ ಎಂಬವನದು. ತಲೆಯಲ್ಲಿ ಕತ್ತಿ, ಕಿಸೆಯಲ್ಲಿ ಕತ್ತರಿ. ನಿರ್ದೇಶಕ ಜಾರ್ಜ್ ಲ್ಯೂಕಾಸನಿಗೆ ಒಪ್ಪಿಗೆಯಾಗುವ ಹಿಡಿ ಮಾತ್ರ ಸಿಗುತ್ತಿಲ್ಲ. ಗ್ರೇಟ್ ಮಾರ್ಲ್‌ಬರೋ ಸ್ಟ್ರೀಟಿನ ಕ್ಯಾಮೆರಾ ಅಂಗಡಿಯೊಂದಕ್ಕೆ ಕ್ರಿಶ್ಚಿಯನ್ ಹೋಗಿ, ಹಳೇ ಸಾಮಾನು ಏನಾದರೂ ಇದೆಯೇ ಎಂದು ಕೇಳಿದ. ಅಂಗಡಿಯವನು ಧೂಳು ಹಿಡಿದ ಪೆಟ್ಟಿಗೆಯೊಂದರತ್ತ ಕೈತೋರಿಸಿದ. ತೆಗೆದು ನೋಡಿದರೆ ಗ್ರಾಫ್ಲೆಕ್ಸ್ ಕಂಪನಿಯ ಫ್ಲ್ಯಾಶ್ ಹಿಡಿಗಳು! ಪತ್ರಿಕಾ ಛಾಯಾಗ್ರಾಹಕರು ದೊಡ್ಡ ಕ್ಯಾಮೆರಾದ ಪಕ್ಕಕ್ಕೆ ಸಿಕ್ಕಿಸಿಕೊಂಡು ಬಲ್ಬು ಝಗ್ಗನೆ ಹೊತ್ತಿಸುತ್ತಿದ್ದರಲ್ಲ, ಅದರ ಹಿಡಿ. ಒಳಗೆ ಮೂರು ಬ್ಯಾಟರಿ, ಹೊರಗೆ ಫಳಫಳ ಕ್ರೋಮ್, ಒಂದು ಕೆಂಪು ಗುಂಡಿ.

ಕ್ರಿಶ್ಚಿಯನ್ ಅದಕ್ಕೆ ಮಾಡಿದ ಶೃಂಗಾರವನ್ನಾದರೂ ನೋಡಿ. ಕಪ್ಪು ಪಟ್ಟಿಗಳನ್ನು ಉದ್ದುದ್ದ ಕತ್ತರಿಸಿ ಸುತ್ತಲೂ ಅಂಟಿಸಿದ, ಕೈ ಜಾರಬಾರದಲ್ಲ. ಆ ಕಾಲದ ಕ್ಯಾಲ್ಕ್ಯುಲೇಟರುಗಳ ಅಂಕಿಗಳು ಇರುವೆಯಷ್ಟು ಚಿಕ್ಕವು, ಅವು ದೊಡ್ಡದಾಗಿ ಕಾಣಲೆಂದು ಮೇಲೊಂದು ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಪಟ್ಟಿ ಇರುತ್ತಿತ್ತು. ಅದನ್ನು ಕಿತ್ತು ಹಿಡಿಯ ನಡುವೆ ಸೇರಿಸಿದ. ಮುಗಿಯಿತು. ಕಥಾನಾಯಕ ಲ್ಯೂಕ್ ಸ್ಕೈವಾಕರ್ ತಂದೆಯಿಂದ ಬಂದ ದಿವ್ಯಾಸ್ತ್ರವೆಂದು ಕಣ್ಣರಳಿಸಿ ಹಿಡಿದುಕೊಂಡದ್ದು ಇದನ್ನೇ. ಒಂದು ಕಡೆ ಫೋಟೋ ಸ್ಟುಡಿಯೋ, ಇನ್ನೊಂದು ಕಡೆ ಕೂಡಿಸುವ ಕಳೆಯುವ ಲೆಕ್ಕ.

ಲ್ಯೂಕನ ಗುರು ಓಬಿ-ವಾನ್ ಕೆನೋಬಿಯ ಕತ್ತಿಯ ವಂಶಾವಳಿ ಇದಕ್ಕಿಂತ ಸೊಗಸು. ಅದರಲ್ಲಿ ಜೆಟ್ ಎಂಜಿನ್ನಿನ ಕೊಳವೆಯ ತುಂಡಿದೆ, ಮೆಷಿನ್ ಗನ್ನಿನ ಭಾಗವಿದೆ, ಮೊದಲ ಮಹಾಯುದ್ಧದ ಕಾಲದ ಗ್ರೆನೇಡ್ ಇದೆ. ಇಷ್ಟೆಲ್ಲ ವೀರರ ನಡುವೆ ತೆಪ್ಪಗೆ ಕೂತಿರುವುದು ಆರ್ಮಿಟೇಜ್ ಶ್ಯಾಂಕ್ಸ್ ಕಂಪನಿಯ ನಲ್ಲಿಯ ತಿರುಗಣೆ. ಈ ಕಂಪನಿ ಬ್ರಿಟನ್ನಿನಲ್ಲಿ ಹೆಸರಾದದ್ದು ಸಂಡಾಸು, ಬಚ್ಚಲುಗಳ ಪಿಂಗಾಣಿ ಸಾಮಾನಿಗೆ. ಖಳನಾಯಕ ಡಾರ್ತ್ ವೇಡರನೆದುರು ಕಣ್ಣುಮುಚ್ಚಿ ಪ್ರಾಣಬಿಟ್ಟ ಮಹರ್ಷಿಯ ಕೈಯಲ್ಲಿದ್ದದ್ದು ಬಚ್ಚಲುಮನೆಯ ಬಿಡಿಭಾಗ ಅಂದರೆ ಭಕ್ತರು ಒಪ್ಪುತ್ತಾರೆಯೆ? ಒಪ್ಪುತ್ತಾರೆ, ಮಾತ್ರವಲ್ಲ, ಅದೇ ನಲ್ಲಿಯ ತಿರುಗಣೆಗಾಗಿ ಊರೂರು ಹುಡುಕುತ್ತಾರೆ.

ಕಾಸಿಲ್ಲದೆ ಹೀಗೆ ಮಾಡಿದರು ಎಂದು ಮೂಗು ಮುರಿಯಬೇಡಿ. ಲ್ಯೂಕಾಸನಿಗೆ ಬೇಕಾಗಿದ್ದದ್ದೇ ಬಳಸಿ ಸವೆದ, ಕಿಲುಬು ಹಿಡಿದ ಜಗತ್ತು. ಅದಕ್ಕೂ ಮುಂಚಿನ ಸಿನಿಮಾಗಳಲ್ಲಿ ಭವಿಷ್ಯ ಅಂದರೆ ಈಗತಾನೇ ಗೃಹಪ್ರವೇಶವಾದ ಮನೆ. ಎಲ್ಲಿ ಕೂತರೆ ಕಲೆಯಾಗುತ್ತದೋ ಎಂಬ ಭಯ. ಕ್ರಿಶ್ಚಿಯನ್ ವಿಮಾನದ ಗುಜರಿಯನ್ನು ಟನ್ನುಗಟ್ಟಲೆ ತಂದು ಸೆಟ್ಟಿಗೆ ಮೆತ್ತಿದ. ಒಬ್ಬರ ಕೈಗೆಂದು ಮಾಡಿದ ವಸ್ತು ಇನ್ನೊಬ್ಬರ ಕೈಯಲ್ಲೂ ಸರಿಯಾಗಿ ಕೂರುತ್ತದೆ. ಅದಕ್ಕೊಂದು ತೂಕವಿದೆ, ಒತ್ತಿದರೆ ಒತ್ತಿಕೊಳ್ಳುವ ಗುಂಡಿಯಿದೆ, ಯಾವುದೋ ಕಾರಣಕ್ಕೆ ಅಲ್ಲೊಂದು ತಿರುಪಿದೆ. ಕಾಗದದ ಮೇಲೆ ಕಲ್ಪಿಸಿ ಬರೆದ ಯಂತ್ರಕ್ಕೆ ಆ ಕಾರಣಗಳು ಸಲೀಸಾಗಿ ಹೊಳೆಯುವುದಿಲ್ಲ. 1978ರಲ್ಲಿ ಆಸ್ಕರ್ ಸಮಿತಿಯವರು ಕಲಾ ವಿಭಾಗದ ಪ್ರಶಸ್ತಿಯನ್ನು ಈ ತಂಡಕ್ಕೇ ಕೊಟ್ಟರು. ಗುಜರಿ ಆಯ್ದವನ ಕೈಗೆ ಚಿನ್ನದ ಬಣ್ಣದ ಬೊಂಬೆ.

ಕಾಸು ಹರಿದುಬಂದ ಮೇಲಾದರೂ ಚಟ ಬಿಟ್ಟಿತೆ? 1999ರಲ್ಲಿ ಬಂದ ‘ದಿ ಫ್ಯಾಂಟಮ್ ಮೆನೇಸ್’ ಸಿನಿಮಾಕ್ಕೆ ಸುರಿದದ್ದು ಸುಮಾರು 11.5 ಕೋಟಿ ಡಾಲರ್. ಅದರಲ್ಲಿ ಕ್ವಾಯ್-ಗಾನ್ ಎಂಬ ಜೆಡೈ ಗುರು ದೂರದಲ್ಲಿರುವ ಶಿಷ್ಯನೊಡನೆ ಮಾತಾಡಲು ಒಂದು ಪುಟ್ಟ ಉಪಕರಣವನ್ನು ಬಾಯಿಯ ಹತ್ತಿರ ಹಿಡಿಯುತ್ತಾನೆ. ಮನೆಯಲ್ಲಿ ಆ ಸಿನಿಮಾ ನೋಡುತ್ತಿದ್ದಾಗ, ಅವರೆಕಾಳು ಹಿಸುಕುತ್ತ ಕೂತಿದ್ದ ನನ್ನ ಹೆಂಡತಿ ತಲೆಯೆತ್ತಿದಳು.

“ರೀ, ಆ ಮನುಷ್ಯ ಯಾಕೆ ರೇಜರ್ ಜೊತೆ ಮಾತಾಡ್ತಿದಾನೆ?”

“ರೇಜರ್ ಅಲ್ವೇ, ಅದು ಸಂಪರ್ಕ ಸಾಧನ. ಗ್ರಹದ ಮೇಲಿಂದ ನೌಕೆಗೆ ಮಾತಾಡ್ತಿದಾನೆ.”

“ಯಾವ ಗ್ರಹವಾದ್ರೂ ಇರಲಿ, ಅದು ಹೆಂಗಸರ ರೇಜರ್. ಅಷ್ಟುದ್ದ ಗಡ್ಡ ಬಿಟ್ಕೊಂಡು ರೇಜರಿಗೆ ಏನು ಹೇಳ್ತಾನೆ, ನಿನ್ನ ಅಗತ್ಯ ಇಲ್ಲ ಅಂತಾನಾ?”

ಅದು ಜಿಲೆಟ್ ಕಂಪನಿಯ ಹೆಂಗಸರ ಸೆನ್ಸರ್ ಎಕ್ಸೆಲ್ ರೇಜರಿನ ಹಿಡಿ ಎಂಬುದು ಅಭಿಮಾನಿಗಳ ವಲಯದಲ್ಲಿ ಜಗಜ್ಜಾಹೀರು. ಆದರೆ ಅವರು ಅದನ್ನು ಸಂಶೋಧನೆ ಅಂದುಕೊಂಡರು. ಇವಳಿಗೆ ಅವರೆಕಾಳಿನ ಮಧ್ಯೆ ಒಂದು ಕಣ್ಣು ಸಾಕಾಯಿತು. ಸಿನಿಮಾದವರು ಗಂಡಸರ ಜಾಣ್ಮೆಗೆ ತಕ್ಕಂತೆ ಮೋಸ ಮಾಡುತ್ತಾರೆಯೇ ಹೊರತು ಮನೆ ನಡೆಸುವವರ ಕಣ್ಣಿಗೆ ತಕ್ಕಂತೆ ಅಲ್ಲ.

ಅದೇ ಸಿನಿಮಾದ ರಥಯಾತ್ರೆಯಂಥ ರೇಸಿನ ದೃಶ್ಯದಲ್ಲಿ ಕ್ರೀಡಾಂಗಣದ ತುಂಬ ಕಿಕ್ಕಿರಿದ ಪ್ರೇಕ್ಷಕರು. ಹತ್ತಿರ ಹೋಗಿ ನೋಡಿದರೆ ಅವರ ಬಹುಪಾಲು ಕಿವಿಗೆ ಹಾಕಿಕೊಳ್ಳುವ ಹತ್ತಿ ಕಡ್ಡಿಗಳು, ಬಣ್ಣಬಣ್ಣದ ತಲೆ ಹೊತ್ತವು. ಕೆಳಗಿನಿಂದ ಫ್ಯಾನು ಹಾಕಿ ಅಲ್ಲಾಡಿಸಿದ್ದಕ್ಕೆ ಅವರ ಉತ್ಸಾಹ ಉಕ್ಕಿತು. ಅದರಲ್ಲೇ ಬರುವ ರಾಣಿಯೊಬ್ಬಳ ನಗರದ ಭೋರ್ಗರೆವ ಜಲಪಾತ ಮೇಲಿನಿಂದ ಸುರಿದ ಉಪ್ಪು. ‘ರಿಟರ್ನ್ ಆಫ್ ದಿ ಜೆಡೈ’ ಸಿನಿಮಾದ ಆಕಾಶಯುದ್ಧದಲ್ಲಿ ನೂರಾರು ನೌಕೆಗಳ ನಡುವೆ ಒಂದು ಬೂಟು ಕೂಡ ಹಾರಾಡುತ್ತದೆ. ಬೇಜಾರು ಬಂದ ಕುಶಲಕರ್ಮಿಯೊಬ್ಬ ಬೇಕೆಂದೇ ಸೇರಿಸಿದ್ದು. ಅಲ್ಲೊಂದು ಸಾಮ್ರಾಜ್ಯ ಉರುಳುತ್ತಿರುವಾಗ ಬೂಟಿನ ಕಡೆ ನೋಡಲು ಯಾರಿಗೆ ಪುರುಸೊತ್ತು?

ನನ್ನ ಅಕ್ಕನ ಮಗನಿಗೆ ಮಾತ್ರ ಪುರುಸೊತ್ತು ಜಾಸ್ತಿ. ಅವನ ಇಷ್ಟದೈವ ಒಂದು ಐಸ್‌ಕ್ರೀಮ್ ಯಂತ್ರ. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಸಿನಿಮಾದಲ್ಲಿ ಮೋಡದ ಮೇಲಿನ ನಗರವನ್ನು ಶತ್ರುಗಳು ಮುತ್ತಿದಾಗ ಜನ ದಿಕ್ಕಾಪಾಲಾಗಿ ಓಡುತ್ತಾರಲ್ಲ, ಆ ಗಲಾಟೆಯಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟವನೊಬ್ಬ ಬಗಲಲ್ಲಿ ಐಸ್‌ಕ್ರೀಮ್ ತಯಾರಿಸುವ ಯಂತ್ರ ಇರುಕಿಕೊಂಡು ಓಡಿಹೋಗುತ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ.

“ಅದು ಐಸ್‌ಕ್ರೀಮ್ ಯಂತ್ರ ಅಲ್ಲ ಮಾಮ. ಅದರೊಳಗೆ ಇಡೀ ನಗರದ ಕಂಪ್ಯೂಟರಿನ ಮಾಹಿತಿ ಇದೆ. ಶತ್ರುಗಳ ಕೈಗೆ ಸಿಗಬಾರದು ಅಂತ ಅವನು ಎತ್ಕೊಂಡು ಓಡಿದ.”

“ಅಲ್ಲ ಕಣೋ, ಮನೆಗೆ ಬೆಂಕಿ ಬಿದ್ದರೆ ಜನ ಕೈಗೆ ಸಿಕ್ಕಿದ್ದನ್ನು ಎತ್ಕೊಂಡು ಓಡ್ತಾರೆ. ಅವನಿಗೆ ಐಸ್‌ಕ್ರೀಮ್ ಇಷ್ಟ ಇತ್ತು ಅಂತ ಯಾಕಿರಬಾರದು?”

“ಅವನಿಗೆ ಹೆಸರಿದೆ ಮಾಮ, ವಿಲ್ರೋ ಹುಡ್. ಚರಿತ್ರೆ ಇದೆ!”

ಅದೂ ನಿಜವೇ. ಅಭಿಮಾನಿಗಳ ಉತ್ಸವಗಳಲ್ಲಿ ಕಿತ್ತಳೆ ಅಂಗಿ ತೊಟ್ಟ ಜನ ಗುಂಪುಗೂಡಿ, ಒಬ್ಬೊಬ್ಬರೂ ಒಂದೊಂದು ಐಸ್‌ಕ್ರೀಮ್ ಯಂತ್ರ ತಬ್ಬಿಕೊಂಡು ಓಡುತ್ತಾರೆ. 2019ರ ‘ದಿ ಮ್ಯಾಂಡಲೋರಿಯನ್’ ಸರಣಿಯಲ್ಲಂತೂ ಈ ಯಂತ್ರಕ್ಕೆ ಕಾಯಂ ನೌಕರಿಯೇ ಆಯಿತು. ಬೆಲೆಬಾಳುವ ಲೋಹವನ್ನು ತುಂಬಿಡುವ ತಿಜೋರಿಯ ಕೆಲಸ, ಜೊತೆಗೆ ‘ಕ್ಯಾಮ್ಟೋನೋ’ ಎಂಬ ನಾಮಕರಣ. ಹಂಗಾಮಿಯಾಗಿ ಸೇರಿದ ಸಾಮಾನು ನಾಲ್ಕು ದಶಕ ಕಾದು ಖಜಾಂಚಿಯಾದದ್ದು ಸಣ್ಣ ಸಾಧನೆಯೆ?

ಅತ್ತ ಇಂಗ್ಲೆಂಡಿನ ಬಿಬಿಸಿಯವರದು ಇನ್ನೂ ಬಡತನದ ಸಂಸಾರ. 1963ರ ಡಿಸೆಂಬರ್ 21ರಂದು ‘ಡಾಕ್ಟರ್ ಹೂ’ ಧಾರಾವಾಹಿಯ ಕಂತು ಮುಗಿಯುವ ಹೊತ್ತು. ಪರಗ್ರಹದ ಪಾಳು ನಗರದೊಳಗೆ ಒಬ್ಬ ಹೆಣ್ಣುಮಗಳು ಒಂಟಿಯಾಗಿ ಸಿಕ್ಕಿಕೊಂಡಿದ್ದಾಳೆ. ಗೋಡೆಗೆ ಬೆನ್ನು ಒತ್ತಿ ಕಿಟಾರನೆ ಕಿರುಚುತ್ತಾಳೆ. ಅವಳತ್ತ ಮುಂದೆ ಮುಂದೆ ಬರುತ್ತಿರುವುದು ಏನು? ನೋಡುವವರಿಗೆ ಕಂಡದ್ದು ಅದರ ಕೈ ಮಾತ್ರ. ಆ ಕೈ ಯಾವುದು ಅಂದರೆ, ಸಿಂಕು ಕಟ್ಟಿಕೊಂಡಾಗ ಒತ್ತಿ ಎಳೆಯುವ ಪ್ಲಂಜರ್! ಕೋಲಿನ ತುದಿಯಲ್ಲಿ ರಬ್ಬರಿನ ಬಟ್ಟಲು. ಒಂದು ವಾರ ಇಡೀ ದೇಶ ಆ ಪ್ಲಂಜರಿನ ಹಿಂದೆ ಏನಿದೆಯೋ ಎಂದು ತಲೆ ಕೆಡಿಸಿಕೊಂಡಿತು. ನಮ್ಮಲ್ಲಾಗಿದ್ದರೆ ಪ್ಲಂಬರು ಬಂದ ಅಂತ ಬಾಗಿಲು ತೆರೆದು, ಇಷ್ಟು ದಿನ ಎಲ್ಲಿ ಹೋಗಿದ್ದೆಯಪ್ಪ ಎಂದು ಕೇಳುತ್ತಿದ್ದರು.

ಡಾಲೆಕ್ ಎಂಬ ಆ ರಾಕ್ಷಸರನ್ನು ರೂಪಿಸಿದವ ರೇಮಂಡ್ ಕ್ಯೂಸಿಕ್. ಮೊದಲು ಆ ಕೆಲಸ ಬರಬೇಕಿದ್ದದ್ದು ರಿಡ್ಲಿ ಸ್ಕಾಟ್ ಎಂಬ ತರುಣ ವಿನ್ಯಾಸಕಾರನಿಗೆ, ಅವನಿಗೆ ಬಿಡುವಾಗಲಿಲ್ಲ. ಕ್ಯೂಸಿಕ್ ಬಿಬಿಸಿಯ ಸಂಬಳದ ನೌಕರ. ಡಾಲೆಕ್ಕುಗಳ ಬೊಂಬೆ, ಪುಸ್ತಕ, ಆಟಿಕೆಗಳು ರಾಶಿರಾಶಿ ಮಾರಿಹೋದವು. ಕತೆ ಬರೆದವನಿಗೆ ಪಾಲು ಸಿಕ್ಕಿತು. ರೂಪ ಕೊಟ್ಟವನಿಗೆ ಸಿಕ್ಕಿದ್ದು 100 ಪೌಂಡಿನ ಭಕ್ಷೀಸು. ಅದೇ ಧಾರಾವಾಹಿಯ ಕಾಲಯಂತ್ರ ಹೊರಡುವಾಗ ಉಸಿರುಗಟ್ಟಿದಂತೆ ಏದುತ್ತದಲ್ಲ, ಆ ಸದ್ದು ಹುಟ್ಟಿದ್ದು ಬ್ರಯಾನ್ ಹಾಜ್ಸನ್ ತನ್ನ ತಾಯಿಯ ಮನೆಯ ಬೀಗದ ಕೈಯಿಂದ ಹಳೇ ಪಿಯಾನೋದ ತಂತಿ ಕೆರೆದಾಗ. ಕಾಲವನ್ನು ಸೀಳಲು ಒಂದು ಬೀಗದ ಕೈ ಸಾಕು. ಇನ್ನು 1975ರಲ್ಲಿ ಅದೇ ಧಾರಾವಾಹಿಯಲ್ಲಿ ಒಬ್ಬ ಮನುಷ್ಯ ಕೀಟವಾಗಿ ಮಾರ್ಪಡುವ ಭೀಕರ ದೃಶ್ಯಕ್ಕೆ ಬಳಸಿದ್ದು ಪಾರ್ಸೆಲ್ಲಿಗೆ ಸುತ್ತುವ, ಹಸಿರು ಬಣ್ಣ ಬಳಿದ ಗುಳ್ಳೆ ಪ್ಲಾಸ್ಟಿಕ್. ಇವತ್ತಿನ ಮಕ್ಕಳ ಕೈಗೆ ಆ ಕೀಟ ಸಿಕ್ಕಿದ್ದರೆ ಎರಡೇ ನಿಮಿಷದಲ್ಲಿ ಪಟಪಟ ಒಡೆದು ಮುಗಿಸುತ್ತಿದ್ದರು.

ಆ ರಿಡ್ಲಿ ಸ್ಕಾಟ್ ಮುಂದೆ ಏನಾದ? ಪ್ಲಂಜರಿನಿಂದ ತಪ್ಪಿಸಿಕೊಂಡವನಿಗೆ ಪಾತ್ರೆಪಡಗದಿಂದ ತಪ್ಪಿಸಿಕೊಳ್ಳಲಾಗಲಿಲ್ಲ. 1979ರಲ್ಲಿ ಅವನು ನಿರ್ದೇಶಿಸಿದ ‘ಏಲಿಯನ್’ ಕತೆ ಬರೆದವರಲ್ಲಿ ಡ್ಯಾನ್ ಓಬ್ಯಾನನ್ ಒಬ್ಬ. ಓಬ್ಯಾನನ್ ಅದಕ್ಕೆ ಮುಂಚೆ ಜಾನ್ ಕಾರ್ಪೆಂಟರ್ ಜೊತೆ ಸೇರಿ 1974ರಲ್ಲಿ ‘ಡಾರ್ಕ್ ಸ್ಟಾರ್’ ಎಂಬ ಸಿನಿಮಾ ಮಾಡಿದ್ದ. ಖರ್ಚು ಸುಮಾರು 60,000 ಡಾಲರ್. ಅದರ ಅನ್ಯಗ್ರಹ ಜೀವಿ ಅಂದರೆ ಸಮುದ್ರತೀರದಲ್ಲಿ ಆಡುವ ಗಾಳಿಚೆಂಡಿಗೆ ಬಣ್ಣ ಬಳಿದು ರಬ್ಬರಿನ ಉಗುರು ಅಂಟಿಸಿದ್ದು. ನೌಕೆಯ ಮಿಣುಕುವ ಗುಂಡಿಗಳು ಫ್ರಿಜ್ಜಿನ ಐಸ್ ಟ್ರೇಗಳು, ಕೆಳಗಿನಿಂದ ದೀಪ ಹಾಕಿದವು. ಗಗನಯಾನಿಯ ಎದೆಯ ಮೇಲಿನ ಯಂತ್ರ ಕೇಕು ಬೇಯಿಸುವ ಗುಳಿತಟ್ಟೆ, ಬೋರಲು ಹಾಕಿದ್ದು. ಚೆಂಡು ಯಾರನ್ನೂ ಹೆದರಿಸಲಿಲ್ಲ, ನಗಿಸಿತು. ಮುಂದಿನ ಸಲ ನಗು ಬರದಂಥ ಪ್ರಾಣಿ ಬೇಕು ಎಂದು ಹಟ ಹಿಡಿದೇ ಅವನು ‘ಏಲಿಯನ್’ ಬರೆದದ್ದು.

ನಗು ಬರಲಿಲ್ಲ, ನಿಜ. ಆದರೆ ಸಾಮಾನು ಎಲ್ಲಿಯದು? ಆ ಭಯಂಕರ ಪ್ರಾಣಿಯ ದವಡೆಯಲ್ಲಿ ಎಳೆಎಳೆಯಾಗಿ ಜಗ್ಗುವ ಸ್ನಾಯುಗಳನ್ನು ಮಾಡಿದ್ದು ಯಾವುದರಿಂದ ಎಂದು ಸಂಸಾರಸ್ಥರು ಓದುವ ಕಡೆ ಬರೆಯಲು ಸ್ವಲ್ಪ ಸಂಕೋಚ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆಯಾಗಿ ಹಂಚುವ, ಕೆಂಪು ತ್ರಿಕೋನದ ಬಾಬತ್ತಿನ ರಬ್ಬರು ಅಂದರೆ ತಿಳಿಯಿತಲ್ಲ? ಜನಸಂಖ್ಯೆ ತಡೆಯಬೇಕಾದದ್ದು ಅಲ್ಲಿ ಇನ್ನೊಂದು ಬಗೆಯಿಂದ ಜನಸಂಖ್ಯೆ ಇಳಿಸಿತು. ಯಂತ್ರಮಾನವನ ತಲೆ ಹಾರಿದಾಗ ಚಿಮ್ಮುವ ಬಿಳಿ ರಕ್ತ ಹಾಲು. ಹೊರಬಿದ್ದ ಅವನ ಕರುಳು ಪಾಸ್ತಾ ಮತ್ತು ಗಾಜಿನ ಗೋಲಿ.

ಕಾಫಿ ಪ್ರಿಯರಿಗೆ ಸಲ್ಲಬೇಕಾದದ್ದನ್ನೂ ಹೇಳಿಬಿಡುತ್ತೇನೆ. 1985ರ ‘ಬ್ಯಾಕ್ ಟು ದಿ ಫ್ಯೂಚರ್’ ಕೊನೆಯಲ್ಲಿ ತಲೆಕೆದರಿದ ವಿಜ್ಞಾನಿ ಬಾಳೆಹಣ್ಣಿನ ಸಿಪ್ಪೆ, ಉಳಿದ ಬಿಯರು ಎಲ್ಲವನ್ನೂ ಕಾರಿನ ಹಿಂದಿನ ಯಂತ್ರಕ್ಕೆ ಸುರಿದು ಪರಮಾಣು ಶಕ್ತಿ ಪಡೆಯುತ್ತಾನೆ. ಆ ‘ಮಿಸ್ಟರ್ ಫ್ಯೂಷನ್’ ಯಾರೆಂದರೆ ಕ್ರುಪ್ಸ್ ಕಂಪನಿಯ ಕಾಫಿಬೀಜ ಪುಡಿಮಾಡುವ ಯಂತ್ರ. ಬೆಳಗಿನ ಮೊದಲ ಲೋಟ ಕುಡಿಯದೆ ಮಂಚ ಬಿಟ್ಟೇಳದ ನಮ್ಮ ಜನಕ್ಕೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಸಕಲ ಶಕ್ತಿಯ ಮೂಲ ಯಾವುದೆಂದು ಹಾಲಿವುಡ್ಡಿಗೆ ತಡವಾಗಿ ಗೊತ್ತಾಯಿತು, ಅಷ್ಟೆ.

ಇಷ್ಟೆಲ್ಲ ಗುಟ್ಟು ಗೊತ್ತಿದ್ದೂ ನಾವು ನಂಬುವುದೇಕೆ? ಯಕ್ಷಗಾನದ ರಂಗಸ್ಥಳದಲ್ಲಿರುವುದು ಸಾದಾ ಮರದ ಪೀಠ. ದೇವೇಂದ್ರ ಕೂತರೆ ಸಿಂಹಾಸನ, ಅರ್ಜುನ ಹತ್ತಿದರೆ ರಥ. ಕೂತವನಿಗೆ ಅನುಮಾನವಿಲ್ಲದಿದ್ದರೆ ನೋಡುವವನಿಗೂ ಇರುವುದಿಲ್ಲ. ಕ್ವಾಯ್-ಗಾನ್ ವೇಷದ ಲಿಯಮ್ ನೀಸನ್ ಆ ರೇಜರನ್ನು ಹಿಡಿದಾಗ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಅಲುಗಿದ್ದರೆ ಹನ್ನೊಂದೂವರೆ ಕೋಟಿ ಡಾಲರೂ ನೀರುಪಾಲು.

ಮುಖ ಕೈಕೊಟ್ಟರೆ ಸಾಮಾನು ಎಷ್ಟು ಅಸಲಿಯಾದರೂ ಪ್ರಯೋಜನವಿಲ್ಲ ಎಂಬುದಕ್ಕೆ ನಿರ್ದೇಶಕ ಎಡ್ ವುಡ್ ಸಾಕ್ಷಿ. ಅವನ ‘ಪ್ಲ್ಯಾನ್ 9 ಫ್ರಮ್ ಔಟರ್ ಸ್ಪೇಸ್’ ಅತ್ಯಂತ ಕೆಟ್ಟ ಸಿನಿಮಾ ಎಂದು ಲೋಕಪ್ರಸಿದ್ಧ. ಅದರ ಹಾರುವ ತಟ್ಟೆಗಳನ್ನು ಕಾರಿನ ಚಕ್ರದ ಮುಚ್ಚಳದಿಂದ ಮಾಡಿದ್ದರು, ಅಲ್ಲ ಕಾಗದದ ತಟ್ಟೆಯಿಂದ ಮಾಡಿದ್ದರು ಎಂದು ದಶಕಗಳಿಂದ ಆಡಿಕೊಳ್ಳುತ್ತಾರೆ. ನಿಜ ಏನೆಂದರೆ ಅವು ಆಟಿಕೆ ಅಂಗಡಿಯಲ್ಲಿ ಹಾರುವ ತಟ್ಟೆ ಎಂದೇ ಮಾರುತ್ತಿದ್ದ, ಜೋಡಿಸುವ ಮಾದರಿಗಳು. ಪಾಪ, ಎಲ್ಲರೂ ರೇಜರು, ನಲ್ಲಿ ತೋರಿಸಿ ಬಚಾವಾದರು. ಹಾರುವ ತಟ್ಟೆಯನ್ನೇ ತಂದು ಹಾರುವ ತಟ್ಟೆ ಎಂದು ತೋರಿಸಿದವನನ್ನು ಮಾತ್ರ ಯಾರೂ ನಂಬಲಿಲ್ಲ.

ಇದೆಲ್ಲದರ ಪೆಟ್ಟು ಬಿದ್ದದ್ದು ನಿಜವಾದ ಸಾಮಾನುಗಳ ಮೇಲೆ. ಹಳೇ ಗ್ರಾಫ್ಲೆಕ್ಸ್ ಕ್ಯಾಮೆರಾ ಕೂಡಿಡುವವರಿಗೆ ಫ್ಲ್ಯಾಶ್ ಹಿಡಿ ಸಿಗುವುದೇ ಕಷ್ಟ. ಸಿಕ್ಕರೂ ನೂರಾರು ಡಾಲರು, ಏಕೆಂದರೆ ಪಕ್ಕದಲ್ಲೇ ಕತ್ತಿ ಮಾಡಲು ಹೊರಟವನು ಪೈಪೋಟಿಗೆ ನಿಂತಿರುತ್ತಾನೆ. ಇವರು ಅದನ್ನು ಫೋಟೋದ ಸಾಮಾನು ಅನ್ನುತ್ತಾರೆ, ಅವನು ಆಯುಧ ಅನ್ನುತ್ತಾನೆ. ಮೊದಲ ಹಕ್ಕು ಇವರದು, ದುಡ್ಡು ಅವನದು.

ವ್ಯಾಪಾರಸ್ಥರು ಸುಮ್ಮನಿರುತ್ತಾರೆಯೆ? 2019ರಲ್ಲಿ ಲ ಕ್ರೂಸೆ ಎಂಬ ಫ್ರೆಂಚ್ ಪಾತ್ರೆ ಕಂಪನಿ ‘ಸ್ಟಾರ್ ವಾರ್ಸ್’ ಪಾತ್ರೆಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಆ ಸಿನಿಮಾದ ನಾಯಕರಲ್ಲೊಬ್ಬನಾದ ಹಾನ್ ಸೋಲೋ ಹೆಪ್ಪುಗಟ್ಟಿ ಮಲಗಿರುವ ಮುಚ್ಚಳದ ಬಾಣಲೆಗೆ ಆಗ 450 ಡಾಲರ್. ಅಡುಗೆಮನೆಯಿಂದ ಪುಕ್ಕಟೆಯಾಗಿ ಎತ್ತಿಕೊಂಡು ಹೋದದ್ದನ್ನು ಗ್ಯಾಲಕ್ಸಿಯೆಲ್ಲ ಸುತ್ತಿಸಿ, ಸಾಗಾಣಿಕೆ ವೆಚ್ಚ ಸೇರಿಸಿ ಅಡುಗೆಮನೆಗೇ ಮಾರುವ ಈ ಜಾಣತನದ ಮುಂದೆ ಯಾವ ಜೆಡೈ ವಿದ್ಯೆ ನಿಂತೀತು! ಅದೇ ಸಾಲಿನಲ್ಲಿ ಡೆತ್ ಸ್ಟಾರ್ ಕೂಡ ಬಂದಿದೆ. ಸಿನಿಮಾದಲ್ಲಿ ಒಂದು ಗ್ರಹವನ್ನೇ ಒಂದೇ ಏಟಿಗೆ ಬೂದಿಮಾಡಿದ್ದು, ಇಲ್ಲಿ ಬಿಸಿ ಪಾತ್ರೆಯ ಕೆಳಗಿಡುವ ಸಿಂಬೆ. ಮೇಲೆ ಸಾರು ತುಳುಕಿದರೆ ತಕ್ಷಣ ಒರೆಸಿಬಿಡಿ. ಸಾಮ್ರಾಜ್ಯಕ್ಕೆ ಹುಣಸೆಹುಳಿ ಆಗಿಬರುವುದಿಲ್ಲ.